ಡ್ಯೂಟಿಗೆ ಹೋಗುತ್ತಿದ್ದ ನಮ್ಮ ತಮ್ಮ

ಹೋದ ವಾರ ಕೂಕಟ್‌ಪಲ್ಲಿಯ ಒಂದು ಮದುವೆ ಮಂಟಪದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋಗಿದ್ದೆ. ಅಲ್ಲಿ ಬಿಸಿನೀರಿನಿಂದ ಆಗಷ್ಟೇ ತೆಗೆದ ಸ್ಟೀಲಿನ ಲೋಟಗಳನ್ನು ದೊಡ್ಡ ಬುಟ್ಟಿಯಲ್ಲಿ ಬೋರಲು ಹಾಕಿದ್ದರು. ಹಬೆ ಏಳುತ್ತಿತ್ತು. ಬಿಸಿ ಸ್ಟೀಲು, ನಿಂಬೆಯ ಸೋಪು, ಒದ್ದೆ ಬಟ್ಟೆ ಮೂರೂ ಕೂಡಿದ ವಾಸನೆ. ನಲ್ಲಿಯ ಮೇಲಿದ್ದ ನನ್ನ ಕೈ ಹಾಗೇ ನಿಂತಿತು. ಹಿಂದೆ ಸಾಲಿನಲ್ಲಿದ್ದವರು ಯಾರೋ, "ಆಂಟೀ, ಥೋಡೇ ಸರೀರಿ" ಎಂದ ಮೇಲೆಯೇ ನಾನು ಪಕ್ಕಕ್ಕೆ ಸರಿದದ್ದು.

ಆ ವಾಸನೆ ಎಷ್ಟೋ ವರ್ಷ ಪ್ರತಿ ಸಂಜೆ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ಅದನ್ನು ಅಂಗಿಯ ತೋಳಿನಲ್ಲಿ ಹೊತ್ತು ತರುತ್ತಿದ್ದವನು ನನ್ನ ಮೈದುನ, ನನ್ನ ಗಂಡನ ಕೊನೆಯ ತಮ್ಮ. ಮನೆಯಲ್ಲಿ ಎಲ್ಲರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದೆವು. ಓಣಿಯ ತೆಲುಗು ಮಂದಿ ಅದೇ ಅವನ ಹೆಸರೆಂದುಕೊಂಡು 'ತಮ್ಮಗಾರು' ಎನ್ನುತ್ತಿದ್ದರು. ಅವನಿಗೂ ಅದು ಬಲು ಇಷ್ಟವಾಗಿತ್ತು.

ನಾನು ತಾಳಿಕೋಟೆಯಿಂದ ಮದುವೆಯಾಗಿ ಬಂದಾಗ ಹೈದರಾಬಾದಿಗೆ ಸಾಫ್ಟ್‌ವೇರಿನ ಗಾಳಿ ಆಗಷ್ಟೇ ಬೀಸತೊಡಗಿತ್ತು. ಆದರೆ ನಮ್ಮ ಮನೆಗೂ ಆ ಗಾಳಿಗೂ ಸಂಬಂಧವಿರಲಿಲ್ಲ. ನನ್ನ ಗಂಡ ಬಾಲಾನಗರದ ಒಂದು ಸಣ್ಣ ಯಂತ್ರದ ಕಾರ್ಖಾನೆಯಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದರು. ಕೂಕಟ್‌ಪಲ್ಲಿಯಲ್ಲಿ ಎರಡು ಕೋಣೆಯ ಮನೆ. ಅದರಲ್ಲಿ ನಾವಿಬ್ಬರು, ನಮ್ಮ ಅತ್ತೆ, ಮತ್ತು ತಮ್ಮ. ಮಾತುಕತೆಯ ಹೊತ್ತಿನಲ್ಲಿ ನಮ್ಮ ತಂದೆಗೆ, "ಸಣ್ಣಾಂವ ಒಬ್ಬ ಸ್ವಲ್ಪ ಸಾದಾ ಅದಾನ್ರಿ" ಎಂದಷ್ಟೇ ಹೇಳಿದ್ದರು. ಸಾದಾ ಎಂದರೆ ಏನೆಂದು ನಮ್ಮ ತಂದೆ ಕೇಳಿರಲಿಲ್ಲ.

ಮನೆ ತುಂಬಿಸಿಕೊಂಡ ದಿನ ಅವನನ್ನು ಮೊದಲು ನೋಡಿದೆ. ಇಪ್ಪತ್ತರ ಆಸುಪಾಸಿನವನು, ನನಗಿಂತ ಗಿಡ್ಡ. ಸಣ್ಣ ಕಿವಿ, ತುದಿ ಮೇಲೆತ್ತಿದ ಕಣ್ಣು, ಚಪ್ಪಟೆ ಮೂಗು, ಬೆಣ್ಣೆಯಂಥ ಮೆತ್ತನೆಯ ಕೈ. ಬಂದ ಬೀಗರೆಲ್ಲ ನನ್ನ ಸೀರೆ, ಬಂಗಾರ ನೋಡುತ್ತಿದ್ದಾಗ ಅವನು ನನ್ನ ಮುಂದೆ ಕುಳಿತು, ಬೆಳಗಿನಿಂದ ಅತ್ತು ಕೆಂಪಾಗಿದ್ದ ನನ್ನ ಕಣ್ಣು ನೋಡಿದ. ಏನೋ ಅಂದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನಾಲಿಗೆ ದಪ್ಪ, ಮಾತು ಬಾಯಿಯೊಳಗೇ ಉಂಡೆಯಾಗಿ ಹೊರಳುತ್ತಿತ್ತು. ಅತ್ತೆ ತಿಳಿಸಿ ಹೇಳಿದರು: "ಊರ ನೆನಪ ಆಗಾಕತ್ತೈತೇನು ಅಂತ ಕೇಳಾಕತ್ತಾನ ನೋಡವ್ವ."

ಆ ದಿನ ನನ್ನನ್ನು ಹಾಗೆ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಅವನ ಮಾತು ಕಲಿಯಲು ನನಗೆ ಕೆಲವು ತಿಂಗಳು ಹಿಡಿಯಿತು. ಮೊದಲು ವಿಷಯ ತಿಳಿಯಬೇಕು, ಆಮೇಲೆ ಮಾತು ತಾನಾಗಿ ತಿಳಿಯುತ್ತದೆ. ನನ್ನನ್ನು 'ಐನಿ' ಎನ್ನುತ್ತಿದ್ದ; ವೈನಿ, ಅಂದರೆ ಅತ್ತಿಗೆ, ಎಂಬುದರ ಮೊದಲ ಅಕ್ಷರ ಅವನಿಗೆ ದಕ್ಕುತ್ತಿರಲಿಲ್ಲ. ಅವಸರ ಮಾಡಿದರೆ ಮಾತು ಇನ್ನೂ ಕಟ್ಟಿಕೊಳ್ಳುತ್ತಿತ್ತು. ಸುಮ್ಮನೆ ಕಾಯುತ್ತಾ ಕುಳಿತರೆ ಒಂದೊಂದೇ ಶಬ್ದ ಹೊರಗೆ ಬರುತ್ತಿತ್ತು... ಹಸಿ ಕಟ್ಟಿಗೆಗೆ ಕಿಚ್ಚು ಹತ್ತುವ ಹಾಗೆ.

ಅತ್ತೆ ಅವನನ್ನು ಹೊರಗೆ ಬಿಡುತ್ತಿರಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿಯೇ ಹೆಚ್ಚಾಗಿತ್ತು. ಅಂಗಿಯ ಗುಂಡಿ ಅವರೇ ಹಾಕುವರು, ರೊಟ್ಟಿ ಮುರಿದು ಅವರೇ ಬಾಯಿಗಿಡುವರು. ಯಾರಾದರೂ ಮನೆಗೆ ಬಂದರೆ ತಮ್ಮನನ್ನು ಒಳಕೋಣೆಗೆ ಕಳುಹಿಸಿ ಬಾಗಿಲು ಮುಂದೆ ಮಾಡುವರು. ಅವನನ್ನು ನೋಡಿದ ಮಂದಿಯ ಕಣ್ಣು ಆಮೇಲೆ ತನ್ನ ಮೇಲೆ ಬೀಳುತ್ತದೆಂಬ ಅಂಜಿಕೆ. ಹಳೆಯ ಊರಾದ ಸಿಂದಗಿಯಲ್ಲಿ ಅವರು ಬಸುರಿಯಾಗಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ಹಿತ್ತಿಲಿಗೆ ಹೋಗಿದ್ದರಂತೆ. ಅದಕ್ಕೇ ಕೂಸು ಹೀಗಾಯಿತೆಂದು ಮನೆಯವರು, ಓಣಿಯವರು, ಕೊನೆಗೆ ಮಾವನವರೂ ಅಂದಿದ್ದರು. ಅತ್ತೆ ಅದನ್ನು ನಂಬಿದ್ದರು.

ನನ್ನ ಮಗಳು ಹುಟ್ಟಿದ ಮರುವರ್ಷ ತಮ್ಮ ಮಂಕಾಗತೊಡಗಿದ. ಮೈ ಬಂತು, ಧ್ವನಿ ಗೊಗ್ಗರಾಯಿತು, ಹಗಲೆಲ್ಲ ನಿದ್ದೆ. ಕರೆದರೆ ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆಯುತ್ತಿದ್ದ. "ಇಂಥಾವು ವಯಸ್ಸ ಆದಂಗ ಹಿಂಗಽ ಆಕ್ಕಾವ" ಎಂದು ನೆರೆಯವರು ಸಮಾಧಾನ ಹೇಳಿದರು. ನನಗೇಕೋ ಸಮಾಧಾನವಾಗಲಿಲ್ಲ. ಗಂಡನಿಗೆ ಹೇಳಿ ಒಂದು ದಿನ ರಜೆ ಹಾಕಿಸಿ, ಅತ್ತೆಯನ್ನೂ ಕರೆದುಕೊಂಡು ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು.

ಅವರು ಹಿಂದಿಯಲ್ಲಿ ಮಾತಾಡಿದರು. ಮೊದಲು ತಮ್ಮನನ್ನೇ ಮಾತಾಡಿಸಿದರು, ಆಮೇಲೆ ನಮ್ಮನ್ನು. ರಕ್ತ ಪರೀಕ್ಷೆ ಮಾಡಿಸಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎರಡನೆಯ ಸಲ ಹೋದಾಗ, ಥೈರಾಯ್ಡ್ ಕಡಿಮೆಯಾಗಿದೆ, ದಿನಕ್ಕೊಂದು ಗುಳಿಗೆ ಕೊಟ್ಟರೆ ಈ ಮಂಪರು ಹೋಗುತ್ತದೆ ಎಂದರು. "ಡೌನ್ ಸಿಂಡ್ರೋಮ್ ಇದ್ದವರಿಗೆ ಇದು ಬರುವುದು ಹೆಚ್ಚು. ಕಿವಿ, ಕಣ್ಣು, ಹೃದಯ ಎಲ್ಲ ಆಗಾಗ ನೋಡಿಸುತ್ತಿರಬೇಕು. ಇಷ್ಟು ವರ್ಷ ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು.

ಆ ಹೆಸರನ್ನು ನಾವು ಕೇಳಿದ್ದೇ ಅಂದು. ಡಾಕ್ಟರಮ್ಮ ಬಿಡಿಸಿ ಹೇಳಿದರು. ನಮ್ಮ ಮೈಯ ಕಣಕಣದಲ್ಲೂ ದಾರದ ಎಳೆಯಂಥವು ಜೋಡಿ ಜೋಡಿಯಾಗಿ ಇರುತ್ತವೆ, ಕ್ರೋಮೋಸೋಮು ಎನ್ನುತ್ತಾರೆ. ಇಪ್ಪತ್ತೊಂದನೆಯ ಜೋಡಿಯಲ್ಲಿ ಇವನಿಗೆ ಒಂದು ಎಳೆ ಹೆಚ್ಚಿಗೆ ಬಂದಿದೆ. ಅದಕ್ಕೇ ಈ ಮುಖ, ಈ ಮೆತ್ತನೆಯ ಸ್ನಾಯು, ಈ ತಡವಾದ ಮಾತು. ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಕಲಿಯುವುದು ನಿಧಾನ, ಆದರೆ ಕಲಿಯುತ್ತಲೇ ಇರುತ್ತಾನೆ.

ನಾನು ಒಂದೊಂದೇ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅತ್ತೆ ಸೆರಗಿನ ತುದಿ ಹಿಂಡುತ್ತಾ ಕೇಳುತ್ತಿದ್ದರು. ಕೊನೆಗೆ, "ಗ್ರಹಣದಾಗ ನಾ ಹೊರಗ ಬಂದಿದ್ನೆಲ್ಲ, ಅದನ್ನ ಹೇಳವ್ವ ಆಕಿಗೆ" ಎಂದರು. ಹೇಳಿದೆ. ಡಾಕ್ಟರಮ್ಮ ಕುರ್ಚಿ ಮುಂದೆ ಎಳೆದುಕೊಂಡು ಅತ್ತೆಯ ಮಂಡಿಯ ಮೇಲೆ ಕೈಯಿಟ್ಟರು. ಕೂಸು ಹೊಟ್ಟೆಯಲ್ಲಿ ಮೂಡುವ ಗಳಿಗೆಯಲ್ಲೇ ಇದು ಆಗಿಹೋಗಿರುತ್ತದೆ, ಆಮೇಲೆ ನೀವು ಒಳಗಿದ್ದರೂ ಅಷ್ಟೇ ಹೊರಗಿದ್ದರೂ ಅಷ್ಟೇ, ನೀವು ಏನೂ ತಪ್ಪು ಮಾಡಿಲ್ಲ ಎಂದರು.

"ಇನ್ನೊಮ್ಮೆ ಹೇಳಾಕ ಹೇಳ," ಅಂದರು ಅತ್ತೆ.

ಡಾಕ್ಟರಮ್ಮ ಇನ್ನೊಮ್ಮೆ ಹೇಳಿದರು. ನಾನೂ ಇನ್ನೊಮ್ಮೆ ಹೇಳಿದೆ.

ಆಟೋದಲ್ಲಿ ಬರುವಾಗ ಅತ್ತೆ ಹೊರಗೆ ಮುಖ ಮಾಡಿ ಕುಳಿತಿದ್ದರು. ಬಾಲಾನಗರದ ಹತ್ತಿರ ಲಾರಿಗಳ ನಡುವೆ ಆಟೋ ನಿಂತಾಗ ಮೆಲ್ಲಗೆ, "ನಿಮ್ಮ ಮಾವ ಇರಬೇಕಿತ್ತವ್ವ ಇದನ್ನ ಕೇಳಾಕ" ಎಂದರು. ಅಷ್ಟೇ. ಆ ವರ್ಷ ಯುಗಾದಿಗೆ ತಮ್ಮನನ್ನು ಸುಲ್ತಾನ್ ಬಜಾರಿಗೆ ತಾವೇ ಕೈ ಹಿಡಿದು ಕರೆದುಕೊಂಡು ಹೋದರು. ಅಂಗಡಿಯವನು ಅಂಗಿಗಳನ್ನು ಅತ್ತೆಯ ಮುಂದೆ ಹರಡಿದ. "ನನಗ್ಯಾಕ ತೋರಸ್ತಿಯಪಾ, ಹಾಕ್ಕೊಳ್ಳಾಂವಗ ತೋರಸು" ಎಂದರು ಅತ್ತೆ. ತಮ್ಮ ಗಿಳಿಹಸಿರು ಬಣ್ಣದ್ದನ್ನು ಆರಿಸಿಕೊಂಡ. ಕಣ್ಣಿಗೆ ಚುಚ್ಚುವ ಬಣ್ಣ, ಆದರೂ ಅತ್ತೆ ಸೆರಗಿನ ಗಂಟು ಬಿಚ್ಚಿ ಅದಕ್ಕೇ ದುಡ್ಡು ಕೊಟ್ಟರು.

ಗುಳಿಗೆ ಶುರುವಾದ ಮೇಲೆ ಅವನ ಮುಖದ ಊತ ಇಳಿಯಿತು, ಕಣ್ಣಿನ ಬೆಳಕು ಮರಳಿತು. ಡಾಕ್ಟರಮ್ಮನೇ ಹೇಳಿ ಇಂಥವರಿಗೆಂದೇ ಇದ್ದ ಒಂದು ತರಬೇತಿ ಶಾಲೆಗೆ ಸೇರಿಸಿದರು. ಗುಂಡಿ ಹಾಕಿಕೊಳ್ಳುವುದು, ಬೂಟಿನ ಪಟ್ಟಿ ಬಿಗಿಯುವುದು, ಒಗೆದ ಬಟ್ಟೆ ಮಡಚುವುದು ಅಲ್ಲಿ ಕಲಿತ. ಬೆಳಿಗ್ಗೆ ಅವನು ಒಂದೊಂದೇ ಗುಂಡಿ ಹಾಕಿಕೊಳ್ಳುವಾಗ ಅತ್ತೆಗೆ ತಡೆಯಲಾಗದೆ ಕೈ ಮುಂದೆ ಬರುತ್ತಿತ್ತು. ಅವನು ಅವರ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ತನ್ನ ಕೆಲಸ ಮುಂದುವರಿಸುತ್ತಿದ್ದ.

ಅಷ್ಟರಲ್ಲಿ ಊರು ಗುರುತು ಸಿಗದಂತೆ ಬದಲಾಗಿತ್ತು. ಹೈಟೆಕ್ ಸಿಟಿಯ ಕಡೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಓಣಿಯ ಮನೆಗಳೆಲ್ಲ ಹಾಸ್ಟೆಲುಗಳಾದವು. ಅಂಥ ಒಂದು ದೊಡ್ಡ ಕಂಪನಿಯ ಕ್ಯಾಂಟೀನು ನಡೆಸುವವರು ತರಬೇತಿ ಶಾಲೆಯಿಂದ ಇಬ್ಬರನ್ನು ಕೆಲಸಕ್ಕೆ ಕೇಳಿದರು. ಲೋಟ ಒರೆಸಿ ಜೋಡಿಸುವುದು, ತಟ್ಟೆ ತುಂಬಿಡುವುದು. ಶಾಲೆಯ ಮೇಡಮ್ಮು ತಮ್ಮನ ಹೆಸರು ಹೇಳಿದರು.

ಅತ್ತೆ ಸಿಟ್ಟಾದರು. "ಮಂದಿ ಉಂಡ ತಾಟ ತೊಳೀಬೇಕೇನ ನನ್ನ ಮಗ? ನಮಗೇನ ಅನ್ನಕ್ಕ ಕಡಿಮಿ ಆಗೇತಿ?"

ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಅಣ್ಣ ಡ್ಯೂಟಿ ಹೋಗ್ತಾನ," ಎಂದ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ನಾನೂ ಹೋಗ್ತೀನಿ" ಎಂದ. ಅತ್ತೆ ಅಂದು ರಾತ್ರಿ ಊಟ ಮಾಡಲಿಲ್ಲ. ಆದರೆ ಅವನು ಕೆಲಸಕ್ಕೆ ಹೊರಟ ಮೊದಲ ದಿನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಟ್ಟಿದ್ದರು.

ಬಸ್ಸಿನಲ್ಲಿ ಮೊದಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ಆಮೇಲೆ ಬೇರೆ ಸೀಟಿನಲ್ಲಿ ಕುಳಿತು ನೋಡುತ್ತಿದ್ದೆ. ಕೊನೆಗೆ ಒಂದು ದಿನ ಸ್ಟಾಪಿನಲ್ಲೇ ನಿಂತುಕೊಂಡೆ. ಬಸ್ಸು ಹೊರಟಿತು. ಕಿಟಕಿಯಿಂದ ಅವನು ತಿರುಗಿ ನೋಡಲಿಲ್ಲ. ಮುಂದಿನ ದಾರಿಯನ್ನೇ ನೋಡುತ್ತಿದ್ದ. ಮನೆಗೆ ಬಂದು ಅತ್ತೆಗೆ ಹೇಗೆ ಹೇಳಿದೆನೋ...

ಒಂದು ಸಂಜೆ ಅವನು ಬರಲಿಲ್ಲ. ಫ್ಲೈಓವರ್ ಕೆಲಸಕ್ಕೆಂದು ರಸ್ತೆ ಮುಚ್ಚಿ ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸಿದ್ದರು. ಗಂಡ ಕಾರ್ಖಾನೆಯಿಂದ ನೇರವಾಗಿ ಹುಡುಕಲು ಹೋದರು. ಅತ್ತೆ ಗೇಟಿನ ಬಳಿ ನೆಲದ ಮೇಲೆಯೇ ಕುಳಿತುಬಿಟ್ಟರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಒಂದು ಇರಾನಿ ಹೋಟೆಲಿನ ಮಾಲಕರು ದಕ್ಕನಿ ಉರ್ದುವಿನಲ್ಲಿ, "ನಿಮ್ಮ ಹುಡುಗ ಇಲ್ಲಿದ್ದಾನೆ, ಚಹಾ ಕುಡೀತಿದ್ದಾನೆ, ಗಾಬರಿ ಆಗಬೇಡಿ" ಎಂದರು. ಬಸ್ಸು ತನಗೆ ಗೊತ್ತಿಲ್ಲದ ದಾರಿ ಹಿಡಿದ ಕೂಡಲೇ ತಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದಿದ್ದ. ಎದುರಿನ ಹೋಟೆಲಿಗೆ ಹೋಗಿ ಮನೆಯ ಫೋನ್ ನಂಬರು ಬರೆದಿದ್ದ ಕೊರಳಿನ ಕಾರ್ಡು ತೋರಿಸಿ, ಕಿವಿಯ ಹತ್ತಿರ ಕೈ ಹಿಡಿದು ಫೋನು ಮಾಡಿ ಎಂದು ಕೇಳಿದ್ದ. ನಾನು, ಆಗಷ್ಟೇ ಹುಡುಕಿ ತಿರುಗಿ ಬಂದಿದ್ದ ಗಂಡ, ಇಬ್ಬರೂ ಅಲ್ಲಿಗೆ ಓಡಿದೆವು. ಅವನು ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಾ ಕುಳಿತಿದ್ದ. ನನ್ನ ಮುಖ ನೋಡಿ, ತಪ್ಪು ತಿಳಿಯಬಾರದೆಂಬಂತೆ ಬಿಡಿಸಿ ಹೇಳಿದ: "ಐನಿ, ಬಸ್ಸ ತಪ್ಪೇತಿ. ನಾ ತಪ್ಪಿಲ್ಲ."

ಒಮ್ಮೆ ಅವನು ಬುತ್ತಿ ಮರೆತಾಗ ಕೊಡಲು ಕ್ಯಾಂಟೀನಿಗೆ ಹೋಗಿದ್ದೆ. ಕೊರಳಿಗೆ ಗುರುತಿನ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರ ಉದ್ದ ಸಾಲು. ಎಲ್ಲರ ಕಣ್ಣೂ ಕೈಯಲ್ಲಿದ್ದ ಮೊಬೈಲಿನ ಮೇಲೆ. ಲೋಟದ ಮೇಜಿನ ಹತ್ತಿರ ಬಂದಾಗ ಮಾತ್ರ ತಲೆ ಎತ್ತುತ್ತಿದ್ದರು. ಅಲ್ಲಿ ತಮ್ಮ ನಿಂತಿದ್ದ, ತಲೆಗೆ ಬಿಳಿ ಟೊಪ್ಪಿಗೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿ, ಕೈಗೇ ಕೊಡುತ್ತಿದ್ದ. ಒಬ್ಬ ಹುಡುಗಿಗೆ, "ನಿದ್ರ ಲೇದಾ?" ಎಂದು ತೆಲುಗಿನಲ್ಲಿ ಕೇಳಿದ. ಆಕೆ ನಕ್ಕು ಇಲ್ಲವೆಂದು ತಲೆಯಾಡಿಸಿದಳು. ನಾನು ಮನೆಯವಳೆಂದು ತಿಳಿದ ಮೇಲೆ ಆಕೆ ತನ್ನ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, "ಇಲ್ಲಿ ನಮಗೆ ಲೇಟಾಯ್ತಾ ಅಂತ ಕೇಳುವವರೇ ಎಲ್ಲರೂ ಆಂಟೀ, ನಿದ್ದೆ ಆಯ್ತಾ ಅಂತ ಕೇಳುವವರು ಇವರೊಬ್ಬರೇ" ಎಂದಳು. ನಾನು ಅದನ್ನು ಅತ್ತೆಗೆ ಬಂದು ಹೇಳಿದೆ. ಅತ್ತೆ ಆ ವಾರ ಮನೆಗೆ ಬಂದವರಿಗೆಲ್ಲ ಹೇಳಿದರು. ಒಳಕೋಣೆಯ ಬಾಗಿಲು ಮುಂದೆ ಮಾಡುವುದು ಯಾವಾಗ ನಿಂತಿತೋ, ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಅತ್ತೆ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ. ದಿನಕರ್ಮಗಳು ಮುಗಿದ ಮರುದಿನ ಸೊಲ್ಲಾಪುರದಿಂದ ಬಂದಿದ್ದ ಹಿರಿಯ ಭಾವನವರು, ವಿಜಯಪುರದ ನಾದಿನಿ, ನನ್ನ ಗಂಡ ಮೂವರೂ ನಡುಮನೆಯಲ್ಲಿ ಕುಳಿತರು. ನಾನು ಚಹಾ ತಂದಿಟ್ಟು ಗೋಡೆಗೆ ಒರಗಿ ನಿಂತೆ.

"ತಮ್ಮಂದು ಏನ ಮಾಡೂದು?" ಎಂದು ಭಾವನವರು ಮಾತು ತೆಗೆದರು. "ನಾಕ ತಿಂಗಳ ಒಬ್ಬೊಬ್ಬರ ಮನ್ಯಾಗ ಇಟಗೊಳ್ಳೂಣು."

"ನಮ್ಮಲ್ಲೆ ಹುಡುಗೇರ ಮದಿವಿಗೆ ಬಂದಾರಣ್ಣ," ಎಂದಳು ನಾದಿನಿ. "ನೋಡಾಕ ಬಂದವರು ಏನರೆ ಅಂದ್ರ..."

"ಹಂಗಾರ ನಮ್ಮ ಕಡೆ ಒಂದು ಆಶ್ರಮ ಐತಿ. ಇಂಥಾವರನ್ನ ಚೊಲೋ ನೋಡ್ಕೋತಾರ," ಎಂದರು ಭಾವನವರು.

ಅವರು ಕೆಟ್ಟವರಲ್ಲ. ಅವರಿಗೆ ತಮ್ಮನ ಮೇಲೆ ಮಮತೆಯಿತ್ತು. ಆದರೆ ಮಂಚ ಯಾರು ಒಯ್ಯಬೇಕು, ಕಪಾಟು ಯಾರು ಒಯ್ಯಬೇಕು ಎಂದು ಮಾತಾಡಿದ ಧ್ವನಿಯಲ್ಲೇ ಅವನ ಮಾತೂ ನಡೆದಿತ್ತು. ನನ್ನ ಗಂಡ ತಲೆ ತಗ್ಗಿಸಿ ಕುಳಿತಿದ್ದರು. ಮನೆಯ ಸೊಸೆ ಬೇಡವೆಂದರೆ ಏನು ಮಾಡುವುದೆಂದು ಅವರಿಗೆ ಅಂಜಿಕೆ, ನನ್ನನ್ನು ಕೇಳಲು ಸಂಕೋಚ.

ಒಳಗಿನಿಂದ ತಮ್ಮ ಬಂದ. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಎಲ್ಲರ ನಡುವೆ ನಿಂತು ಒಂದು ಮಾತು ಅಂದ. ಭಾವನವರಿಗೆ ತಿಳಿಯಲಿಲ್ಲ. "ಏನಂತಾನವ್ವ?" ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಕೈ ಎತ್ತಿ ನನ್ನನ್ನು ತಡೆದ. ಉಸಿರು ಎಳೆದುಕೊಂಡು, ಒಂದೊಂದು ಅಕ್ಷರವನ್ನೂ ಕಿತ್ತು ತಂದಂತೆ ಮತ್ತೆ ಹೇಳಿದ.

"ನನ್ನ ಕೇಳ್ರಿ."

ಭಾವನವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ದೊಡ್ಡ ಮನಸ್ಸಿನವರು ಅವರು, ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಕುಂದ್ರ ತಮ್ಮಾ. ಹೇಳ, ನಿನಗ ಎಲ್ಲಿ ಇರಬೇಕ ಅನಸ್ತೈತಿ?"

ತಮ್ಮ ಕೂರಲಿಲ್ಲ. "ನನಗ ಡ್ಯೂಟಿ ಐತಿ," ಎಂದ. "ಅಣ್ಣನ ಮನ್ಯಾಗ ಇರ್ತೀನಿ." ಆಮೇಲೆ ನನ್ನ ಕಡೆ ತಿರುಗಿದ. "ಐನಿ... ನಿನಗ ನಡೀತೈತೇನು?"

ಅಷ್ಟು ಹೊತ್ತಿನ ಮಾತಿನಲ್ಲಿ ನನ್ನನ್ನೂ ಯಾರೂ ಕೇಳಿರಲಿಲ್ಲ. "ನಡೀತೈತಪಾ" ಎಂದೆ. ಅವನು ತಲೆಯಾಡಿಸಿ, ಮರುದಿನದ ಅಂಗಿಗೆ ಇಸ್ತ್ರಿ ಹಾಕಲು ಒಳಗೆ ಹೋದ. ನನ್ನ ಗಂಡ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಗೇಟಿನ ಹತ್ತಿರ ನಿಂತಿದ್ದರು.

ಆಮೇಲಿನವು ಒಳ್ಳೆಯ ವರ್ಷಗಳು. ನನ್ನ ಮಗಳು ಕಾಲೇಜಿಗೆ ಹೋದಳು, ಗಂಡನ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿತು, ಅವರು ಬೇರೆ ಕೆಲಸ ಹಿಡಿದರು. ನಡುವೆ ಅವರಿಗೆ ಕೆಲಸವಿಲ್ಲದೆ ಕೈ ಖಾಲಿಯಿದ್ದ ತಿಂಗಳುಗಳಲ್ಲಿ ತಮ್ಮ ಬೆಳಿಗ್ಗೆ ಹೊರಡುವಾಗ, "ಅಣ್ಣಾ, ನಾ ಇದೀನಿ" ಎಂದು ಹೇಳಿ ಹೋಗುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ನಲವತ್ತು ದಾಟಿದ ಮೇಲೆ ಅವನು ಮರೆಯತೊಡಗಿದ. ಮೊದಲು ಒಂದು ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕಿಕೊಂಡ. ನಂತರ ಮೆಟ್ಟಿಲಿನ ಮುಂದೆ ಬಂದು, ಮುಂದೆ ಹಳ್ಳವಿದೆಯೇನೋ ಎಂಬಂತೆ ನಿಂತುಬಿಡುತ್ತಿದ್ದ. ಥೈರಾಯ್ಡ್ ಇರಬೇಕೆಂದು ಆಸೆಯಿಂದ ಪರೀಕ್ಷೆ ಮಾಡಿಸಿದೆವು. ಅದಾಗಿರಲಿಲ್ಲ. ಇವರಿಗೆ ಮರೆವಿನ ಕಾಯಿಲೆ ಬೇಗ ಬರುವುದುಂಟು, ಆ ಹೆಚ್ಚಿನ ಎಳೆಯದೇ ಕೆಲಸ ಅದೂ ಎಂದರು ಡಾಕ್ಟರಮ್ಮ. ಈ ಸಲ ನಾನು ಇನ್ನೊಮ್ಮೆ ಹೇಳಿ ಎನ್ನಲಿಲ್ಲ.

ಕ್ಯಾಂಟೀನಿನವರು ಅವನನ್ನು ಕೂಡಲೇ ಬಿಡಿಸಲಿಲ್ಲ. ಆದಷ್ಟು ದಿನ ಕುರ್ಚಿ ಹಾಕಿ ಕೂರಿಸಿ ಕೆಲಸ ಕೊಟ್ಟರು. ನಾನು ಮತ್ತೆ ಬಸ್ಸಿನಲ್ಲಿ ಜೊತೆಗೆ ಹೋಗತೊಡಗಿದೆ. ಆಮೇಲೆ ಅದೂ ನಿಂತಿತು. ವರ್ಷಗಟ್ಟಲೆ ದುಡಿದು ಗಳಿಸಿದ್ದ ಮಾತುಗಳು ಒಂದೊಂದಾಗಿ ಅವನನ್ನು ಬಿಟ್ಟುಹೋದವು. ತೆಲುಗು ಮೊದಲು ಹೋಯಿತು, ಆಮೇಲೆ ಕನ್ನಡ. ಗುಂಡಿ ಹಾಕಲು ನಾನು ಕೈ ಚಾಚಿದರೆ ಮಾತ್ರ ಅವನ ಕೈ ಎದ್ದು ನನ್ನ ಕೈಯನ್ನು ಪಕ್ಕಕ್ಕೆ ಸರಿಸಲು ನೋಡುತ್ತಿತ್ತು. ನಾನು ಕಾಯುತ್ತಿದ್ದೆ. ಕೊನೆಯವರೆಗೂ ಮೇಲಿನ ಒಂದು ಗುಂಡಿಯನ್ನು ಅವನಿಗೇ ಬಿಟ್ಟಿದ್ದೆ... ಎಷ್ಟು ಹೊತ್ತಾದರೂ ಸರಿ. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಅಣ್ಣನ ತೋಳಿನ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ.

ಈಗ ನಾವು ಮನೆ ಬದಲಿಸಿ ಬಂದಿರುವ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಬೀದರ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಆರು ತಿಂಗಳ ಗಂಡು ಕೂಸಿನ ತಾಯಿ. ಕೂಸಿಗೂ ಆ ಒಂದು ಎಳೆ ಹೆಚ್ಚಿಗೆ. ಮದುವೆ ಮಂಟಪದಿಂದ ಬಂದ ಮರುದಿನ ಆಕೆ ಏನೋ ಕೇಳಲು ಬಂದವಳು, ಒಲೆಯ ಮೇಲೆ ಹಾಲಿಟ್ಟು ಬಂದೆನೆಂದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಹೋದಳು. ಕತ್ತು ಇನ್ನೂ ನಿಂತಿರಲಿಲ್ಲ. ಮೈ ಹತ್ತಿಯ ಹಾಗೆ ನನ್ನ ಕೈಯಲ್ಲಿ ಹರಡಿಕೊಂಡಿತು. ತುದಿ ಮೇಲೆತ್ತಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು, ಅವಸರವಿಲ್ಲದೆ.

ಆಕೆ ತಿರುಗಿ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು. ಕೂಸಿನ ಸಲುವಾಗಿ ಅಳುತ್ತಿದ್ದೇನೆಂದು ತಿಳಿದು ಪಾಪ ಗಾಬರಿಯಾಗಿ ನನ್ನ ಪಕ್ಕ ಕುಳಿತಳು. "ಅಳಬ್ಯಾಡ್ರಿ ಆಂಟಿ," ಎಂದಳು. "ಡಾಕ್ಟರ್ ಎಲ್ಲಾ ಹೇಳ್ಯಾರ್ರಿ. ಛಲೋ ಆಗ್ತಾನಂತ, ಶಾಲೀಗಿ ಹೋಗ್ತಾನಂತ. ಚಿಂತಿ ಮಾಡೂದೇನಿಲ್ರಿ."

"ಹೌದವ್ವ, ಹೋಗ್ತಾನ," ಎಂದೆ. "ನಾ ಇವನ ಸಲುವಾಗಿ ಅಳಾಕತ್ತಿಲ್ಲ. ನಮ್ಮ ಮನ್ಯಾಗ ಒಬ್ಬಾಂವ ಇದ್ದ."